ಕಮ್ಮಾರಸಾಲೆಯಲ್ಲಿ ಬೆಟ್ಟ-ತೋಟಕ್ಕೆ ಚಾಕು ಮಾಡಿಸಬೇಕು: ಅಳತೆ, ಉಕ್ಕು, ಹದ ಹೇಗೆ ಹೇಳಲಿ?

ಹೊಸನಗರ_ತೋಟ
ಮಡಚದ ಒಂದು ಗಟ್ಟಿ ಚಾಕು ಮಾಡಿಸೋಣ ಅಂತಿದೀನಿ. ಬೆಟ್ಟದಲ್ಲಿ ಸೊಪ್ಪು ಸವರಬೇಕು, ಲಂಟಾನ ಕಡಿಯಬೇಕು, ಬಿದಿರು ಸೀಳಬೇಕು. ಮನೇಲಿ ಕೋಳಿ, ಕುರಿ ಹಸಿಗೆಗೂ (ಚರ್ಮ ಬಿಡಿಸಿ ಮಾಂಸ ಮಾಡೋಕೂ) ಅದೇ ಆಗಬೇಕು. ಅಮೆರಿಕದವರು ಜಿಂಕೆ ಬೇಟೆಗೆ ಇಟ್ಟುಕೊಳ್ಳೋ ಚಾಕುಗಳ ವಿಡಿಯೊ ನೋಡಿದೆ. ನಾಲ್ಕಿಂಚಿನ ಅಲಗು, ಬೆನ್ನು ತುದಿಯ ಹತ್ತಿರ ಕೆಳಗೆ ಇಳಿದಿರುತ್ತೆ. ಅದೇ ಆಕಾರ ಎಂಟು ಇಂಚಿಗೆ ಮಾಡಿಸಿದ್ರೆ ಎಲ್ಲದಕ್ಕೂ ಒದಗುತ್ತಾ? ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟು ಒಂದಿದೆ, ನಡುವೆ ತುಂಡಾಗಿರೋದು. ಆಚಾರ್ರಿಗೆ ಏನೇನು ಹೇಳಬೇಕು?

ಕಾನಂಚು
ಒಂದೇ ಅಲಗಿನ ಹತ್ರ ಎರಡು ಕೆಲಸ ಕೇಳ್ತಾ ಇದೀರಿ ಮಾರಾಯ್ರೆ. ಕಡಿಯೋಕೆ ತೂಕ ಬೇಕು, ಹಸಿಗೆಗೆ ತೆಳು ಬೇಕು. ಎಂಟು ಇಂಚು, ಐದು ಮಿ.ಮೀ. ದಪ್ಪದ ಚಾಕು ಲಂಟಾನದ ಬುಡಕ್ಕೆ ಹಗುರ, ಕೋಳಿಯ ಕೀಲು ಬಿಡಿಸೋಕೆ ಮೊಂಡು. ಎರಡು ಮಾಡಿಸಿ.

ಆ ಆಕಾರಕ್ಕೆ ಕಾರಣ ಇದೆ. ಹೊಟ್ಟೆಯ ಚರ್ಮ ಸೀಳುವಾಗ ತುದಿ ಮೇಲೆದ್ದಿದ್ದರೆ ಕರುಳಿಗೋ ಮೂತ್ರಕೋಶಕ್ಕೋ ಚುಚ್ಚಿ ಮಾಂಸ ಕೆಡುತ್ತೆ. ತುದಿ ಬೆನ್ನಿನ ಗೆರೆಗಿಂತ ಕೆಳಗಿದ್ದು, ತೋರುಬೆರಳು ಬೆನ್ನಿನ ಮೇಲಿದ್ದರೆ ತುದಿ ಎಲ್ಲಿದೆ ಅಂತ ಬೆರಳಿಗೇ ಗೊತ್ತಾಗುತ್ತೆ. ಈ ಮಾದರಿಯನ್ನು ಜನಪ್ರಿಯ ಮಾಡಿದ ಅಮೆರಿಕದ ಚಾಕು ತಯಾರಕ ಬಾಬ್ ಲವ್‌ಲೆಸ್ ಅವರ ಬೇಟೆ ಚಾಕುಗಳ ಅಲಗು ಚಿಕ್ಕದಿರೋದು ಇದಕ್ಕೇ. ಎಂಟು ಇಂಚಾದರೆ ತುದಿ ಬೆರಳಿನಿಂದ ದೂರ ಹೋಯ್ತು, ಆಕಾರದ ಲಾಭವೂ ಹೋಯ್ತು. ಜಿಂಕೆ, ಕಡವೆ ಬೇಟೆಗೆ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಅವಕಾಶವನ್ನೇ ಕೊಡಲ್ಲ. ಕುರಿ-ಕೋಳಿಗೆ ಇದೇ ಮಾದರಿ ಸರಿಯಾಗಿ ಹೊಂದುತ್ತೆ.

ಚಿಕ್ಕದಕ್ಕೆ: ಅಲಗು 4 ಇಂಚು, ಅಗಲ 1 ಇಂಚು, ಬೆನ್ನು 3 ಮಿ.ಮೀ., ಹಿಡಿ ನಾಲ್ಕೂವರೆ ಇಂಚು. ಅದೇ ಪಟ್ಟಿ ಹಿಡಿಯ ಕೊನೆವರೆಗೂ ಹೋಗಲಿ. ಬೆನ್ನಿಗೆ ಗರಗಸದ ಹಲ್ಲು, ತುದಿಗೆ ಕೊಕ್ಕೆ ಏನೂ ಬೇಡ, ಬೆರಳಿಡೋ ಜಾಗವೇ ಹಾಳಾಗುತ್ತೆ. ಬೆಟ್ಟಕ್ಕೆ ಮೂತಿ ಒಳಕ್ಕೆ ಬಾಗಿದ ನಮ್ಮ ಕತ್ತಿಯೇ ಸಾಕು: ಅಲಗು 11 ಇಂಚು, ಹಿಡಿಯ ಹತ್ರ 6 ಮಿ.ಮೀ., ಮೂತಿಗೆ ಬರುವಾಗ 4. ಹಿಡಿ ಸೇರಿ 600 ಗ್ರಾಂ ಆಸುಪಾಸು ಇದ್ದರೆ ಮಧ್ಯಾಹ್ನದವರೆಗೂ ಕೈ ಸೋಲಲ್ಲ. ಆ ಬಾಗಿದ ಮೂತಿ ಬಳ್ಳಿಯನ್ನು ಎಳೆದು ಕೊಡುತ್ತೆ, ಬಾಯಿ (ಹರಿತದ ಅಂಚು) ಕಲ್ಲಿಗೆ ಬಡಿಯೋದನ್ನೂ ತಪ್ಪಿಸುತ್ತೆ. ಎರಡನ್ನೂ ರಟ್ಟಿನಲ್ಲಿ ಕತ್ತರಿಸಿ ತಗೊಂಡು ಹೋಗಿ, ಬಾಯಲ್ಲಿ ಹೇಳಿದ ಅಳತೆ ಕುಲುಮೆ ಮುಂದೆ ಉಳಿಯಲ್ಲ.

ತಿದಿ_ಅಡಿಗಲ್ಲು
ಆ ತುಂಡಾದ ಪ್ಲೇಟು ಬಿಟ್ಟುಬಿಡಿ. ಮುರಿದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಬೇರೆ ಕಡೆಯೂ ಇರಬಹುದು. ಬಡಿಯುವಾಗ ಗೊತ್ತಾಗಲ್ಲ, ಹದ ಹಾಕುವಾಗ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡುವಾಗ, ಬಿರುಕು ದೊಡ್ಡದಾಗುತ್ತೆ. ಪ್ಲೇಟ್ ಕಟ್ಟೋ ಶೆಡ್ಡಿನಲ್ಲಿ ಹೊಸ ಪ್ಲೇಟು ಕತ್ತರಿಸಿ ಉಳಿದ ತುಂಡು ಕೇಳಿ. ಬೋಲ್ಟಿನ ತೂತಿರೋ ಭಾಗ ಬೇಡ. ಇದು ಸಾಮಾನ್ಯವಾಗಿ 55ಎಸ್ಐ7, 60ಎಸ್ಐ7 ಜಾತಿಯ ಸಿಲಿಕಾನ್ ಉಕ್ಕು, ಕಾರ್ಬನ್ ಅರ್ಧ ಶೇಕಡಕ್ಕೆ ಸ್ವಲ್ಪ ಮೇಲೆ. ಕತ್ತಿಗೆ ಹೇಳಿಮಾಡಿಸಿದ್ದು, ಚಿಕ್ಕ ಚಾಕುವಿಗೂ ಸಾಕು. ಸ್ಟೇನ್‌ಲೆಸ್ ಕೇಳಬೇಡಿ. 440ಸಿ ಥರದ್ದಕ್ಕೆ ಸಾವಿರ ಡಿಗ್ರಿಗೂ ಮೇಲೆ ಅಳೆದು ನಿಲ್ಲಿಸೋ ಕುಲುಮೆ ಬೇಕು, ಇದ್ದಿಲ ಒಲೆಯಲ್ಲಿ ಆಗದು.

ಆಕಾರಕ್ಕಿಂತ ಹದ ದೊಡ್ಡದು. ಬಡಿದು ಮುಗಿದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರಿಸಲಿ, ಏಟಿನ ಬಿಗಿ ಬಿಡುತ್ತೆ. ಬಾಯಿಯನ್ನು ಆಗಲೇ ಚೂಪು ಮಾಡಬಾರದು. ಚಾಕುವಿಗೆ 1 ಮಿ.ಮೀ., ಕತ್ತಿಗೆ ಒಂದೂವರೆ ದಪ್ಪ ಉಳಿಸಬೇಕು. ತೆಳುವಾದರೆ ಸೊಟ್ಟಗಾಗುತ್ತೆ ಇಲ್ಲಾ ಸೀಳುತ್ತೆ. ಆಮೇಲೆ ನೆರಳಲ್ಲಿ ಕಾಯಿಸಿ ಅಯಸ್ಕಾಂತ ಮುಟ್ಟಿಸಿ ನೋಡೋದು. ಸುಮಾರು 770 ಡಿಗ್ರಿಗೆ ಅಂಟೋದು ನಿಲ್ಲುತ್ತೆ, ಅದಕ್ಕಿಂತ ಒಂದು ಛಾಯೆ ಹೆಚ್ಚು ಕಾಯಿಸಿ ಎಣ್ಣೆಗೆ ಇಳಿಸಬೇಕು. ನಾಲ್ಕೈದು ಲೀಟರ್ ಕಡಲೆಕಾಯಿ ಎಣ್ಣೆ, ಕೈ ಇಟ್ಟು ತಡೆಯೋಕೆ ಆಗದಷ್ಟು ಬಿಸಿ, ಸುಮಾರು 55-60 ಡಿಗ್ರಿ. ನೆಟ್ಟಗೆ ಇಳಿಸಿ, ಪಕ್ಕಕ್ಕೆ ಆಡಿಸಿದರೆ ಅಲಗು ಬಾಗುತ್ತೆ.

ಆರಿದ ಮೇಲೆ ಅರ ಇಟ್ಟು ಎಳೆದರೆ ಕಚ್ಚದೆ ಜಾರಬೇಕು. ಕಚ್ಚಿದರೆ ಹದ ಹಿಡಿದಿಲ್ಲ. ಹೊರಪದರ ಮಾತ್ರ ಮೆತ್ತಗಿರೋದೂ ಉಂಟು, ಎರಡು ಸಲ ಉಜ್ಜಿ ಮತ್ತೆ ನೋಡಿ.

ಹೊಸನಗರ_ತೋಟ
ನಮ್ಮ ಆಚಾರ್ರು ನೀರಿಗೇ ಅದ್ದೋದು. ಬರೀ ಬಾಯಿ ಮಾತ್ರ ಅದ್ದಿ, ಎತ್ತಿ, ಬಣ್ಣ ನೋಡಿ ಮತ್ತೆ ಅದ್ದುತ್ತಾರೆ. ಅದು ತಪ್ಪಾ?

ತಿದಿ_ಅಡಿಗಲ್ಲು
ತಪ್ಪಲ್ಲ, ಪಳಗಿದ ಕೈಗೆ ಅದು ಒಳ್ಳೇ ಕ್ರಮ. ಬೆನ್ನಿನಲ್ಲಿ ಉಳಿದ ಕಾವು ಬಾಯಿಗೆ ಇಳಿದು ಅತಿಯಾದ ಬಿರುಸು ಇಳಿಸುತ್ತೆ. ಉಜ್ಜಿ ಹೊಳಪು ಮಾಡಿದ ಜಾಗದಲ್ಲಿ ಒಣಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಹೀಗೆ ಓಡಿ ಬರುತ್ತೆ. ಕತ್ತಿಯಾದರೆ ಬಾಯಿಯಲ್ಲಿ ನೇರಳೆ ಕಂಡಾಗ ನಿಲ್ಲಿಸಲಿ, ಬೆನ್ನು ನೀಲಿಯಾಗಲಿ. ಆದರೆ ಈ ಸಿಲಿಕಾನ್ ಉಕ್ಕು ಎಣ್ಣೆಗೆ ಹೇಳಿದ್ದು. ತಣ್ಣೀರಿಗೆ ಇಳಿಸಿದಾಗ 'ಟಿಣ್' ಅಂದರೆ ಮುಗಿಯಿತು, ಎಲ್ಲೋ ಬಿರಿದಿದೆ. ಚಿಕ್ಕ ಚಾಕುವನ್ನು ಎಣ್ಣೆಗೇ ಹಾಕಿಸಿ, ಆಮೇಲೆ ಬಿರುಸು ಇಳಿಸೋಕೆ ಕೇಕ್ ಮಾಡೋ ಓವನ್ನಿನಲ್ಲಿ 200 ಡಿಗ್ರಿಗೆ ಒಂದೊಂದು ಗಂಟೆ, ಎರಡು ಸಲ ಇಡಿ. ಬಾಯಿಯಲ್ಲಿ ತೆಳು ಹಳದಿ ಬಂದರೆ ಸರಿ.

ಹಿಡಿ ಕೂರಿಸೋ ಮೊದಲೇ ಪರೀಕ್ಷೆ ಮಾಡಿ, ಆಗ ತಿದ್ದೋಕೆ ಸುಲಭ. ಚಾಕುವನ್ನು ಮಸೆದು, ಬಾಯಿಯನ್ನು 6 ಮಿ.ಮೀ. ಹಿತ್ತಾಳೆ ಸರಳಿನ ಮೇಲೆ ಓರೆಯಾಗಿ ಒತ್ತಿ ಎಳೆಯಿರಿ. ಬೆಳಕಿಗೆ ಹಿಡಿದರೆ ಒತ್ತಿದಲ್ಲಿ ಬಾಯಿ ಸ್ವಲ್ಪ ಉಬ್ಬೋದು ಕಾಣುತ್ತೆ. ಬಿಟ್ಟ ಕೂಡಲೇ ನೆಟ್ಟಗಾದರೆ ಹದ ಸರಿ, ಮಡಚಿ ಹಾಗೇ ನಿಂತರೆ ಮೆತ್ತಗೆ, ಚಕ್ಕೆ ಎದ್ದರೆ ಬಿರುಸು. ಬಿರುಸಾದರೆ ಇನ್ನೊಂದು ಸಲ 220ಕ್ಕೆ ಕಾಯಿಸಿದರೆ ಸಾಕು. ಮೆತ್ತಗಿದ್ದರೆ ಹದ ಮೊದಲಿಂದ. ಕತ್ತಿಗೆ ಬೇರೆ ಪರೀಕ್ಷೆ: ಒಣ ಬಿದಿರಿನ ಗಿಣ್ಣಿಗೆ ಹತ್ತು ಏಟು, ಬಾಯಿ ಹಲ್ಲು ಬೀಳಬಾರದು, ಮಡಚಲೂಬಾರದು.

ಮಳೆಗಾಲ
ಹಿಡಿಗೆ ಒಣಗಿದ ಹುಣಸೆ ಇಲ್ಲಾ ಪೇರಲೆ ಮರ. ಹಸಿ ಮರ ಬೇಸಿಗೇಲಿ ಕುಗ್ಗಿ ರಿವೆಟ್ ಅಲ್ಲಾಡುತ್ತೆ. ಕತ್ತಿಯ ಬಾಲ ಹಿಡಿಯೊಳಗೆ ಸೇರೋ ಮೂಲೆ ಚೌಕಾಗಿ ಕತ್ತರಿಸಿದಂತಿದ್ದರೆ ಮುರಿಯೋದು ಅಲ್ಲೇ, ಗುಂಡಗೆ ತಿರುಗಿಸೋಕೆ ಹೇಳಿ. ಅರಗು ಹಾಕಿ ಕೂರಿಸಿ, ಬಳೆ ಹೊಡೆಸಿ.

ಚರ್ಮದ ಒರೆಯಲ್ಲಿ ಮಳೆಗಾಲ ಪೂರ್ತಿ ಇಟ್ಟರೆ ಚಾಕು ಕೆಂಪಾಗುತ್ತೆ. ಕತ್ತಿಗೆ ಸೊಂಟದ ಮರದ ಕೊಕ್ಕೆ ಇದ್ದೇ ಇದೆ. ಚಾಕುವಿಗೆ ಪಿವಿಸಿ ಪೈಪನ್ನು ಬಿಸಿ ಮಾಡಿ ಚಪ್ಪಟೆ ಒತ್ತಿ ಒರೆ ಮಾಡಿ, ತಳದಲ್ಲಿ ನೀರಿಳಿಯೋ ತೂತಿರಲಿ. ಹಸಿ ಅಡಿಕೆ ಚೊಗರು ತಾಗಿ ಬರೋ ಕಪ್ಪನ್ನು ಉಜ್ಜಿ ತೆಗೀಬೇಡಿ, ಕೆಂಪು ತುಕ್ಕನ್ನು ಮಾತ್ರ ತೆಗೆದು ಹೊಲಿಗೆ ಯಂತ್ರದ ಎಣ್ಣೆ ಸವರಿ.

ಇನ್ನೊಂದು. ಶೆಟ್ಟಿಹಳ್ಳಿ, ಕೊಡಚಾದ್ರಿ ಕಡೆ ಹೋಗುವಾಗ ಬ್ಯಾಗಿಗೆ ಹಾಕ್ಕೋಬೇಡಿ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಆಯುಧ ತರೋ ಹಾಗಿಲ್ಲ, ವನ್ಯಜೀವಿ ಕಾಯ್ದೆಯ ಆಯುಧದ ವಿವರಣೆಯಲ್ಲಿ ಚಾಕುವೂ ಇದೆ.

ಹೊಸನಗರ_ತೋಟ
ರಟ್ಟು ಕತ್ತರಿಸಿಟ್ಟೆ. ಬಾಯಿ ತೆಗೆಯೋದನ್ನ ಗ್ರೈಂಡರಿನಲ್ಲೇ ಮಾಡಿಸಬಹುದಾ?

ಕಾನಂಚು
ಹದಕ್ಕೆ ಮೊದಲು ಎಷ್ಟು ಬೇಕಾದರೂ. ಹದ ಆದ ಮೇಲೆ ಗ್ರೈಂಡರ್ ತಾಗಿಸಿದರೆ ಎರಡೆರಡು ಸೆಕೆಂಡಿಗೆ ನೀರಿಗೆ ಅದ್ದಬೇಕು, ಕೈಗವಸು ಇಲ್ಲದೆ ಹಿಡಿದು ಮಾಡಲಿ, ಬೆರಳಿಗೆ ಬಿಸಿ ತಟ್ಟಿದರೆ ನಿಲ್ಲಿಸಲಿ. ಬಾಯಿಯಲ್ಲಿ ನೀಲಿ ಕಲೆ ಬಿದ್ದರೆ ಅಷ್ಟು ಜಾಗದ ಹದ ಹೋಯ್ತು, ಆ ಭಾಗ ಸವೆದು ಹೋಗೋವರೆಗೂ ಅಲ್ಲಿ ಹರಿತ ನಿಲ್ಲಲ್ಲ. ಕೊನೆಯ ಅರ್ಧ ಮಿ.ಮೀ. ಮಸೆಗಲ್ಲಿನಲ್ಲೇ ಇಳಿಸಿ: ಚಾಕುವಿಗೆ ಪ್ರತಿ ಪಕ್ಕ 20 ಡಿಗ್ರಿ, ಕತ್ತಿಗೆ 25.