ಪದಚರ್ಚೆ: ‘ಡಿಕ್ಕಿಯ ರಭಸಕ್ಕೆ’ – ಈ ರಭಸ ಬಲವೋ, ವೇಗವೋ, ಇನ್ನೊಂದೋ?

ಗೆಳೆಯರೇ,

‘ಡಿಕ್ಕಿಯ ರಭಸಕ್ಕೆ ಕಾರಿನ ಮುಂಭಾಗ ನಜ್ಜುಗುಜ್ಜಾಗಿದೆ.’ ಕನ್ನಡ ಪತ್ರಿಕೆ ಓದುವ ಯಾರಿಗಾದರೂ ಈ ವಾಕ್ಯ ಬಾಯಿಪಾಠ. ಊರು ಬದಲಾಗುತ್ತದೆ, ಗಾಡಿ ಬದಲಾಗುತ್ತದೆ, ರಭಸ ಮಾತ್ರ ಅಲ್ಲೇ ಇರುತ್ತದೆ. ನನ್ನ ಪ್ರಶ್ನೆ ಈ ರಭಸದ್ದು. ಭೌತಶಾಸ್ತ್ರದ ಕಣ್ಣಲ್ಲಿ ಇದು ಯಾವುದು? ಬಲವೇ, ವೇಗವೇ, ಸಂವೇಗವೇ, ಶಕ್ತಿಯೇ?

ಸುಮ್ನೆ ಕೇಳುತ್ತಿಲ್ಲ. ಹೈಸ್ಕೂಲು ಮಕ್ಕಳಿಗಾಗಿ ಬಲ ಮತ್ತು ಚಲನೆಯ ಬಗ್ಗೆ ಒಂದು ಪುಟ್ಟ ಓದುಪುಸ್ತಕ ತಯಾರಾಗುತ್ತಿದೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಠ್ಯಪುಸ್ತಕದಲ್ಲಿ ‘ಸಂವೇಗ’ ಅಂತ ಇರುವ ಕಡೆಯಲ್ಲೆಲ್ಲ ಬರೆದವರು ‘ರಭಸ’ ಅಂತ ಹಾಕಿದ್ದಾರೆ. ‘ಮಕ್ಕಳಿಗೆ ಮೊದಲೇ ಗೊತ್ತಿರೋ ಪದ, ಯಾಕೆ ಬೇಡ?’ ಅನ್ನೋದು ಅವರ ವಾದ. ವಾದ ನನಗೂ ಇಷ್ಟವೇ. ಸಂವೇಗ ಅಂದರೆ ರಾಶಿಯನ್ನು ವೇಗದಿಂದ ಗುಣಿಸಿದ್ದು ಅಂತ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮಾರನೇ ದಿನ ಮರೆಯುವ ಮಕ್ಕಳೇ ಜಾಸ್ತಿ. ಆದರೆ ರಭಸ ಆ ಜಾಗದಲ್ಲಿ ಸರಿಯಾಗಿ ಕೂರುತ್ತದಾ ಅಂತ ನೋಡಬೇಕಲ್ವಾ?

ಮೊದಲು, ನಾವು ರಭಸ ಅನ್ನೋದು ಯಾವಾಗ? ಮಳೆಗಾಲದ ಹೊಳೆಗೆ ರಭಸ ಇದೆ. ಬಿರುಗಾಳಿಗೆ ಇದೆ. ಸಿಟ್ಟು ಬಂದವರು ಬಾಗಿಲನ್ನು ರಭಸದಿಂದ ಎಳೆದು ಹಾಕುತ್ತಾರೆ. ಆದರೆ ಪಂಕ್ಚರ್ ಅಂಗಡಿಯಲ್ಲಿ ಜಾಕ್ ಕೊಟ್ಟು ಲಾರಿ ಎತ್ತುವಾಗ ಯಾರೂ ರಭಸ ಅನ್ನುವುದಿಲ್ಲ. ಗೋಡೆಗೆ ಒರಗಿಸಿಟ್ಟ ಚಪ್ಪಡಿಕಲ್ಲು ಗೋಡೆಯನ್ನು ಎಷ್ಟೇ ಒತ್ತಲಿ, ಅದಕ್ಕೆ ರಭಸ ಇಲ್ಲ. ಎರಡೂ ಕಡೆ ಬಲ ಬೇಕಾದಷ್ಟಿದೆ, ಓಟ ಇಲ್ಲ. ಹಾಗಾಗಿ ರಭಸ ಅಂದರೆ ಬಲ ಅಲ್ಲ. ಬರೀ ವೇಗವೂ ಅಲ್ಲ. ಸೊಳ್ಳೆ ಎಷ್ಟು ಬೇಗ ಹಾರಿ ಬಂದು ಕೆನ್ನೆಗೆ ತಾಗಿದರೂ ‘ಸೊಳ್ಳೆಯ ರಭಸಕ್ಕೆ’ ಅಂತ ಬರೆದರೆ ಅದು ಹಾಸ್ಯವಾಗುತ್ತದೆ. ವೇಗವೂ ಬೇಕು, ಹಿಂದೆ ಒಂದಿಷ್ಟು ತೂಕವೂ ಬೇಕು.

ಇಲ್ಲಿಯವರೆಗೆ ಬಂದರೆ ಸಂವೇಗವೇ ಸರಿ ಅನ್ನಿಸುತ್ತದೆ. ಅದೂ ರಾಶಿ, ವೇಗ ಎರಡನ್ನೂ ಸೇರಿಸಿದ ಲೆಕ್ಕ ತಾನೇ? ನನಗೆ ತೊಡಕಾದದ್ದು ತೇರಿನ ಹತ್ತಿರ.

ಜಾತ್ರೆಯಲ್ಲಿ ದೊಡ್ಡ ತೇರು ಎಳೆಯುವುದನ್ನು ಗಾಲಿಯ ಪಕ್ಕದಲ್ಲಿ ನಿಂತು ನೋಡಿದವರಿಗೆ ಇದು ಗೊತ್ತು. ನೂರಾರು ಕೈ ಹಗ್ಗ ಹಿಡಿದು ಜಗ್ಗಿದರೂ ಮೊದಲು ಅದು ಅಲುಗುವುದಿಲ್ಲ. ಹಿಂದಿನಿಂದ ಸನ್ನೆಗೋಲು ಹಾಕಿ ಗಾಲಿ ಮೀಟುತ್ತಾರೆ. ಅಚ್ಚು ಕಿರುಗುಡುತ್ತದೆ. ಕಳಸ ಒಮ್ಮೆ ತೂಗುತ್ತದೆ. ಆಮೇಲೆ ಹೊರಡುತ್ತದೆ. ಹೊರಟ ಮೇಲೆ ಕತೆಯೇ ಬೇರೆ. ಹಗ್ಗ ಸಡಿಲಾದರೂ ಗಾಲಿ ಇನ್ನೊಂದಿಷ್ಟು ಉರುಳುತ್ತದೆ. ಉದ್ದ ಹಿಡಿಯ ಮರದ ತುಂಡುಗಳನ್ನು ಹಿಡಿದವರು ಗಾಲಿಯ ಜೊತೆಜೊತೆಗೇ ನಡೆಯುತ್ತಾರೆ. ಜನ ಮೇಲೆ ನೋಡಿ ಬಾಳೆಹಣ್ಣು ಎಸೆಯುತ್ತಿರುವಾಗ ಇವರ ಕಣ್ಣು ನೆಲ ಬಿಟ್ಟು ಮೇಲೇಳುವುದಿಲ್ಲ. ತಿರುಗಿಸಬೇಕಾದರೆ, ನಿಲ್ಲಿಸಬೇಕಾದರೆ, ಗಾಲಿಯ ಅಡಿಗೆ ಆ ತುಂಡು ಕೊಡಲೇಬೇಕು. ಕೈಯಲ್ಲಿ ಹಿಡಿದು ನಿಲ್ಲಿಸುತ್ತೇನೆ ಅನ್ನುವ ಗಂಡು ಇನ್ನೂ ಹುಟ್ಟಿಲ್ಲ.

ಈಗ ಲೆಕ್ಕ ಹಾಕಿ. ತೇರು 40 ಟನ್ ಅಂದುಕೊಳ್ಳಿ. ಸೆಕೆಂಡಿಗೆ ಅರ್ಧ ಮೀಟರ್ ಸಾಗುತ್ತಿದೆ, ಅಂದರೆ ಗಂಟೆಗೆ 1.8 ಕಿ.ಮೀ. ಪಕ್ಕದ ಹೆದ್ದಾರಿಯಲ್ಲಿ ಒಂದು ಟನ್ನಿನ ಕಾರು ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋಗುತ್ತಿದೆ. ಎರಡರ ಸಂವೇಗವೂ ಒಂದೇ: 20,000 ಕೆ.ಜಿ. ಮೀಟರ್ ಪ್ರತಿ ಸೆಕೆಂಡಿಗೆ. ಎರಡನ್ನೂ ಅಷ್ಟೇ ಹೊತ್ತಿನಲ್ಲಿ ನಿಲ್ಲಿಸಬೇಕಾದರೆ ಬೇಕಾಗುವ ಬಲವೂ ಒಂದೇ. ಆದರೆ ‘ತೇರು ರಭಸವಾಗಿ ಸಾಗಿತು’ ಅಂತ ನೀವು ಬರೆಯುತ್ತೀರಾ? ನಾನಂತೂ ಬರೆಯಲ್ಲ. ತೇರು ಮೆಲ್ಲಗೆ ಸಾಗಿತು ಅಂತಲೇ ಬರೆಯುತ್ತೇನೆ. ಕಾರಿಗೆ ರಭಸ ಉಂಟು, ತೇರಿಗೆ ಇಲ್ಲ.

ಹಾಗಾದರೆ ಕಾರಿನಲ್ಲಿ ಜಾಸ್ತಿ ಇರುವುದು ಏನು? ಚಲನ ಶಕ್ತಿ, ಅಂದರೆ ಓಟದಿಂದಾಗಿ ವಸ್ತುವಿನಲ್ಲಿರುವ ಶಕ್ತಿ. ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಕಾರಿನದು 2,00,000 ಜೂಲ್, ತೇರಿನದು ಬರೀ 5,000. ನಲವತ್ತು ಪಟ್ಟು ವ್ಯತ್ಯಾಸ. ತಗಡು ಮಡಚುವುದಕ್ಕೆ, ಗಾಜು ಪುಡಿ ಮಾಡುವುದಕ್ಕೆ ಖರ್ಚಾಗುವುದು ಇದೇ ಲೆಕ್ಕ. ವೇಗ ಎರಡು ಪಟ್ಟಾದರೆ ಸಂವೇಗ ಎರಡೇ ಪಟ್ಟು, ನಜ್ಜುಗುಜ್ಜು ಮಾಡುವ ಶಕ್ತಿ ನಾಲ್ಕು ಪಟ್ಟು. ಪತ್ರಿಕೆಯ ‘ಡಿಕ್ಕಿಯ ರಭಸಕ್ಕೆ ನಜ್ಜುಗುಜ್ಜು’ ಅನ್ನುವ ಮಾತು ಸಂವೇಗಕ್ಕಿಂತ ಇದರ ಹತ್ತಿರ ಇದೆ ಅಂತ ನನ್ನ ಅನಿಸಿಕೆ.

ಈ ಗೊಂದಲ ನಮ್ಮದೊಂದೇ ಅಲ್ಲ. ಯೂರೋಪಿನ ಪಂಡಿತರು ಇದೇ ವಿಷಯಕ್ಕೆ ದಶಕಗಟ್ಟಲೆ ಜಗಳವಾಡಿದ್ದಾರೆ. ಓಡುವ ವಸ್ತುವಿನ ‘ಬಲ’ ಅಳೆಯಲು ಫ್ರಾನ್ಸಿನ ತತ್ವಜ್ಞಾನಿ ದೇಕಾರ್ತ್‌ನ ಕಡೆಯವರು ಗಾತ್ರವನ್ನು ವೇಗದಿಂದ ಗುಣಿಸಿದರು. 1686ರಲ್ಲಿ ಜರ್ಮನಿಯ ಲೈಬ್‌ನಿಟ್ಸ್ ಅದು ತಪ್ಪು ಅಂದ. ವೇಗದ ವರ್ಗದಿಂದ ಗುಣಿಸಬೇಕು ಅಂತ ಹಟ ಹಿಡಿದ. ಅದಕ್ಕೆ ಅವನು ಕೊಟ್ಟ ಲ್ಯಾಟಿನ್ ಹೆಸರು ‘ವಿಸ್ ವೀವಾ’, ಅಂದರೆ ಜೀವಂತ ಬಲ. 1720ರ ದಶಕದಲ್ಲಿ ಹಾಲೆಂಡಿನ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ಎರಡು ಪಟ್ಟು ವೇಗದಲ್ಲಿ ಬಿದ್ದ ಗುಂಡು ನಾಲ್ಕು ಪಟ್ಟು ಆಳದ ಗುಳಿ ಮಾಡಿತು. ಫ್ರಾನ್ಸಿನ ಎಮಿಲಿ ದ್ಯು ಶಾತ್ಲೆ ಲೈಬ್‌ನಿಟ್ಸ್ ಪರವಾಗಿ ಇದನ್ನು ಎತ್ತಿ ಹಿಡಿದಳು. ಚಲನೆಯ ನಿಯಮಗಳನ್ನು ಹೇಳಿದ ನ್ಯೂಟನ್ನನ ಗ್ರಂಥ ‘ಪ್ರಿನ್ಸಿಪಿಯಾ’ವನ್ನು ಫ್ರೆಂಚಿಗೆ ತಂದವಳೂ ಆಕೆಯೇ. ದೇಕಾರ್ತ್, ಲೈಬ್‌ನಿಟ್ಸ್ ಇಬ್ಬರ ಲೆಕ್ಕವೂ ಸರಿ, ಎರಡೂ ಬೇರೆ ಬೇರೆ ವಿಷಯ ಅಂತ ಎಲ್ಲರಿಗೂ ಒಪ್ಪಿಗೆಯಾಗಲು ಕಾಲ ಹಿಡಿಯಿತು. 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಶಕ್ತಿ ನಾಶವಾಗುವುದಿಲ್ಲ ಅಂತ ಬರೆದಾಗಲೂ ಆ ಬರಹದ ಹೆಸರಿನಲ್ಲಿ ಇಟ್ಟದ್ದು ಜರ್ಮನ್ನಿನಲ್ಲಿ ‘ಬಲ’ ಅನ್ನುವ ಪದವನ್ನೇ. ನಮ್ಮ ವರದಿಗಾರರನ್ನು ಬೈಯುವ ಮೊದಲು ಇದು ನೆನಪಿರಲಿ.

ಇನ್ನು ಬಲದ ಕಡೆ ಬರೋಣ. ನನಗೆ ಕಂಡಂತೆ, ಡಿಕ್ಕಿಯ ವಿಷಯದಲ್ಲಿ ನ್ಯೂಟನ್ನನ ಬಲಕ್ಕೆ ಹತ್ತಿರದ ಮನೆಮಾತು ಅಂದರೆ ಏಟು, ಹೊಡೆತ. ಕ್ಯಾಚ್ ಹಿಡಿಯುವವರನ್ನು ನೋಡಿ. ಕ್ರಿಕೆಟ್ ಚೆಂಡು ಸುಮಾರು 160 ಗ್ರಾಂ. ಅದು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬರುತ್ತಿದೆ. ಕೈ ಗಟ್ಟಿಯಾಗಿಟ್ಟು 0.01 ಸೆಕೆಂಡಿನಲ್ಲಿ ನಿಲ್ಲಿಸಿದರೆ ಅಂಗೈ ಮೇಲೆ ಬೀಳುವ ಬಲ ಸರಾಸರಿ 320 ನ್ಯೂಟನ್. 30 ಕೆ.ಜಿ.ಗೂ ಜಾಸ್ತಿ ಭಾರ ಹೊತ್ತ ಹಾಗೆ. ಅದೇ ಕೈಯನ್ನು ಚೆಂಡಿನ ಜೊತೆ ಅರ್ಧ ಮೀಟರ್ ಹಿಂದಕ್ಕೆ ತಂದು 0.05 ಸೆಕೆಂಡು ತಗೊಂಡರೆ 64 ನ್ಯೂಟನ್ ಅಷ್ಟೇ. ಚೆಂಡಿನ ರಭಸ ಎರಡು ಸಲವೂ ಒಂದೇ. ಏಟು ಮಾತ್ರ ಐದನೇ ಒಂದು ಭಾಗ. ರಭಸ ಬರುವವನ ಕೈಯಲ್ಲಿದೆ, ಏಟು ತಿನ್ನುವವನ ಉಪಾಯದಲ್ಲಿದೆ. ಈ ಭೇದವನ್ನು ನಮ್ಮ ಮಾತು ಮೊದಲಿಂದಲೂ ಇಟ್ಟುಕೊಂಡಿದೆ. ಪುಸ್ತಕದಲ್ಲಿ ಇದನ್ನು ಬಳಸಿಕೊಳ್ಳದೆ ಬಿಟ್ಟರೆ ನಷ್ಟ.

ನನಗೆ ನಿಜವಾಗಿ ತಲೆನೋವಾಗಿರುವುದು ಇನ್ನೊಂದು ಬಗೆಯ ವಾಕ್ಯ. ‘ಚಾಲಕ ಬ್ರೇಕ್ ಹಾಕಿದ ರಭಸಕ್ಕೆ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸಿದರು.’ ‘ಬಸ್ಸು ತಿರುಗಿದ ರಭಸಕ್ಕೆ ಬಾಗಿಲಲ್ಲಿ ನಿಂತಿದ್ದವರು ಹೊರಗೆ ಬಿದ್ದರು.’ ಕನ್ನಡವಾಗಿ ಎರಡೂ ಲಕ್ಷಣವಾಗಿವೆ. ‘ಕ್ಕೆ’ ಅನ್ನುವ ಪ್ರತ್ಯಯ ಇಲ್ಲಿ ಕಾರಣ ಹೇಳುತ್ತದೆ. ಗಾಳಿಗೆ ಮರ ಬಿತ್ತು, ಬಿಸಿಲಿಗೆ ಗಿಡ ಬಾಡಿತು ಅನ್ನುವ ಹಾಗೆ. ಗಾಳಿ ಮರವನ್ನು ನಿಜವಾಗಿಯೂ ದೂಡಿತು. ಆದರೆ ಬ್ರೇಕು ಯಾರನ್ನೂ ಮುಂದಕ್ಕೆ ದೂಡಿಲ್ಲ. ಬಸ್ಸು ನಿಂತಿತು. ಜನ ಮೊದಲು ಹೋಗುತ್ತಿದ್ದ ಹಾಗೇ ಹೋಗುತ್ತಿದ್ದರು. ಕಾಲು ಬಸ್ಸಿನ ಜೊತೆ ನಿಂತಿತು, ಮೈ ನಿಲ್ಲಲಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲೂ ಅಷ್ಟೇ. ಬಸ್ಸು ಎಡಕ್ಕೆ ತಿರುಗಿತು, ಕೂತವರು ನೇರ ಹೋಗಲು ನೋಡಿದರು. ಸೀಟಿನ ಕಂಬಿ, ಪಕ್ಕದವರ ಭುಜ ಅವರನ್ನು ಎಡಕ್ಕೆ ಎಳೆದುಕೊಂಡವು. ಹೊರಕ್ಕೆ ತಳ್ಳಿದವರು ಯಾರೂ ಇಲ್ಲ. ರಸ್ತೆಬದಿಯಲ್ಲಿ ನಿಂತು ನೋಡಿದವರಿಗೆ ಇದು ಕಾಣುತ್ತದೆ, ಒಳಗಿರುವವರಿಗೆ ಕಾಣಲ್ಲ.

ಮಕ್ಕಳಿಗೆ ಜಡತ್ವ (ನಿಂತದ್ದು ನಿಂತೇ ಇರಲು, ಓಡುವುದು ಹಾಗೇ ಓಡಲು ನೋಡುವ ಗುಣ) ಹೇಳಿಕೊಡುವಾಗ ಈ ‘ರಭಸಕ್ಕೆ’ ಅಡ್ಡ ಬರುತ್ತದೆ. ಇಲ್ಲದ ಬಲವೊಂದನ್ನು ವಾಕ್ಯವೇ ಹುಟ್ಟಿಸಿಬಿಡುತ್ತದೆ. ‘ಬಸ್ಸು ತಟ್ಟನೆ ನಿಂತಾಗ ಪ್ರಯಾಣಿಕರು ಮುಗ್ಗರಿಸಿದರು’ ಅಂತ ಬರೆದರೆ ಸಾಕು, ತಪ್ಪಿಗೆ ಜಾಗವೇ ಇರುವುದಿಲ್ಲ. ಜಡತ್ವ ಬಲ ಅಲ್ಲ ಅಂತ ನಾವೀಗ ಸಲೀಸಾಗಿ ಹೇಳುತ್ತೇವೆ. ಆದರೆ 1687ರ ‘ಪ್ರಿನ್ಸಿಪಿಯಾ’ದಲ್ಲಿ ಸ್ವತಃ ನ್ಯೂಟನ್ ಅದನ್ನು ಕರೆದದ್ದು ‘ಜಡತ್ವದ ಬಲ’ ಅಂತಲೇ.

‘ಜೋರು’ ಇದಕ್ಕಿಂತ ಕಿಲಾಡಿ ಪದ. ಪಾರ್ಸಿಯಲ್ಲಿ ಅದರ ಅರ್ಥ ಬಲ. ಕನ್ನಡಕ್ಕೆ ಬಂದು ಜೋರಾಗಿ ತಳ್ಳು, ಜೋರಾಗಿ ಓಡು, ಜೋರಾಗಿ ಮಾತಾಡು ಅಂತ ಮೂರು ಕೆಲಸ ಹಿಡಿದಿದೆ. ಬಲ ಜಾಸ್ತಿಯಾದರೆ ವೇಗ ಜಾಸ್ತಿ, ಬಲ ನಿಂತರೆ ಓಟ ನಿಂತಿತು ಅನ್ನುವ ಅರಿಸ್ಟಾಟಲ್ಲನ ತಿಳಿವಳಿಕೆ ಈ ಒಂದು ಪದದೊಳಗೆ ಅಡಗಿ ಕೂತಿದೆ. ನಿಜದಲ್ಲಿ ಬಲದಿಂದ ಆಗುವುದು ವೇಗದ ಬದಲಾವಣೆ. ತೇರು ಒಂದೇ ಹದದಲ್ಲಿ ಸಾಗುತ್ತಿರುವಾಗ ಹಗ್ಗದ ಎಳೆತ ಮತ್ತು ಗಾಲಿ, ಅಚ್ಚು, ನೆಲದ ತಡೆ ಸರಿಸಮ. ಒಟ್ಟು ಬಲ ಸೊನ್ನೆ, ಆದರೂ ತೇರು ನಡೆಯುತ್ತಿದೆ. ಇದನ್ನು ಒಪ್ಪಿಸುವುದೇ ಕಷ್ಟ. ಮಕ್ಕಳಿಗಷ್ಟೇ ಅಲ್ಲ, ಕೆಲವು ಮೇಷ್ಟ್ರುಗಳಿಗೂ.

ಪ್ರಾಚೀನ ಭಾರತದ ದಾರ್ಶನಿಕ ಕಣಾದನ ವೈಶೇಷಿಕ ಸೂತ್ರಗಳನ್ನು ಇಲ್ಲಿ ಯಾರಾದರೂ ಎತ್ತೇ ಎತ್ತುತ್ತಾರೆ, ಅದಕ್ಕೆ ನಾನೇ ಮೊದಲು ಹೇಳಿಬಿಡುತ್ತೇನೆ. ಬಾಣದ ಮೊದಲ ಚಲನೆ ನೋದನದಿಂದ, ಅಂದರೆ ನೂಕಿನಿಂದ. ಮುಂದಿನದು ಆ ಚಲನೆ ಹುಟ್ಟಿಸಿದ ಸಂಸ್ಕಾರದಿಂದ. ಸಂಸ್ಕಾರ ತೀರಿದ ಮೇಲೆ ಗುರುತ್ವದಿಂದ ಬೀಳುತ್ತದೆ. ಈ ಸಂಸ್ಕಾರಕ್ಕೆ ಆಮೇಲಿನವರು ಕೊಟ್ಟ ಹೆಸರು ‘ವೇಗ’. ಗುರುತ್ವ ಅನ್ನುವ ಪದ ಆ ಕಾಲದಿಂದ ನಮ್ಮ ಪಠ್ಯದವರೆಗೂ ಉಳಿದಿದೆ. ಬಾಣದೊಳಗೆ ಏನೋ ತುಂಬಿಕೊಂಡು ಖರ್ಚಾಗುತ್ತಾ ಹೋಗುತ್ತದೆ ಅನ್ನುವ ಆ ಚಿತ್ರ ನಮ್ಮ ‘ರಭಸ ಇಳಿಯಿತು’ ಅನ್ನುವ ಮಾತಿಗೆ ತುಂಬ ಹತ್ತಿರ. ಆದರೆ ನ್ಯೂಟನ್ನನ ಲೆಕ್ಕದಲ್ಲಿ ಅದು ತಾನಾಗಿ ತೀರುವುದಿಲ್ಲ. ಗಾಳಿಯೋ ನೆಲವೋ ಕಿತ್ತುಕೊಳ್ಳಬೇಕು.

ಪಠ್ಯದ ಇನ್ನೆರಡು ಪದಗಳಿಗೂ ಬೇರೆ ಸಂಸಾರ ಇದೆ. ‘ಪ್ರತಿಕ್ರಿಯೆ’ ಅಂದರೆ ಪತ್ರಿಕೆಯವರಿಗೆ ಸಚಿವರು ಮಾರನೇ ದಿನ ಕೊಡುವ ಹೇಳಿಕೆ. ನ್ಯೂಟನ್ನನ ಮೂರನೇ ನಿಯಮದಲ್ಲಿ ಅದು ಕ್ರಿಯೆಯ ಜೊತೆಗೇ, ಅದೇ ಗಳಿಗೆಯಲ್ಲಿ, ಇನ್ನೊಂದು ವಸ್ತುವಿನ ಮೇಲೆ. ‘ಜವ’ವನ್ನಂತೂ (ದಿಕ್ಕನ್ನು ಲೆಕ್ಕಕ್ಕೆ ಹಿಡಿಯದ ವೇಗ) ವೇಗದಿಂದ ಬೇರೆ ಮಾಡಿ ಪಾಠದಲ್ಲಿ ಮಾತ್ರ ಬಳಸುತ್ತೇವೆ. ಹಳ್ಳಿಯ ಮುದುಕರಿಗೆ ಜವರಾಯ ಅಂದರೆ ಯಮನೇ. ಹೆದ್ದಾರಿಯ ಮಟ್ಟಿಗೆ ಅದೇನೂ ತಪ್ಪು ಅರ್ಥವಲ್ಲ.

ಸದ್ಯಕ್ಕೆ ನಾನು ಕರಡಿನಲ್ಲಿ ಮಾಡಿರುವುದು ಇಷ್ಟು. ಸೂತ್ರ ಬರುವ ಕಡೆ ‘ಸಂವೇಗ’ವನ್ನೇ ಉಳಿಸಿದ್ದೇನೆ. ಹೊಳೆ, ಚೆಂಡು, ಕಾರು ಬರುವ ಕಡೆ ‘ರಭಸ’ಕ್ಕೆ ಕೈ ಹಚ್ಚಿಲ್ಲ. ಬ್ರೇಕು, ತಿರುವಿನ ವಾಕ್ಯಗಳಿಂದ ಅದನ್ನು ತೆಗೆದಿದ್ದೇನೆ. ಬಲ ತಾಗುವುದನ್ನು ಹೇಳುವಾಗ ‘ಏಟು’ ಸೇರಿಸಿದ್ದೇನೆ. ಬರೆದವರು ಇನ್ನೂ ಒಪ್ಪಿಲ್ಲ. ಮಕ್ಕಳ ಪುಸ್ತಕದಲ್ಲಿ ಒಂದೇ ವಿಷಯಕ್ಕೆ ಎರಡು ಪದ ಬೇಡ ಅನ್ನುತ್ತಾರೆ. ಒಂದೇ ವಿಷಯ ಅಲ್ಲವಲ್ಲ ಅಂತ ನಾನು.

ನಿಮ್ಮಲ್ಲಿ ಕೇಳುವುದು ಎರಡು. ಒಂದು, ಮೆಲ್ಲಗೆ ಸಾಗುವ ಭಾರಿ ವಸ್ತುವಿನ ವಿಷಯದಲ್ಲಿ ‘ರಭಸ’ ಬಳಸಿದ ಮಾತು ಯಾರಾದರೂ ಕೇಳಿದ್ದೀರಾ? ಬರಹದಲ್ಲಿದ್ದರೂ ಸರಿ, ಬಾಯಿಮಾತಾದರೂ ಸರಿ. ಎರಡು, ತೇರಿನ ಆ ತಡೆಯಲಾಗದ ನಿಧಾನಕ್ಕೆ ನಿಮ್ಮ ಕಡೆ ಒಂದು ಪದ ಇದೆಯಾ? ಗಾಲಿಗೆ ಮರ ಕೊಡುವವರು, ದೋಣಿಯನ್ನು ದಕ್ಕೆಗೆ ತರುವವರು, ಮಲೆನಾಡಿನಲ್ಲಿ ದಿಮ್ಮಿ ಉರುಳಿಸುವವರು ಕೂಗಿ ಎಚ್ಚರಿಸುವಾಗ ಏನೋ ಒಂದು ಅಂತಾರಲ್ಲ, ಅದು ಬೇಕು. ಯಾವ ಊರಿನ ಮಾತು ಅಂತಲೂ ಜೊತೆಗೆ ಬರೆಯಿರಿ.