ಮಗ ಪಂಪ್ ಸರಿಯಾಗಿ ಎಳೆದುಕೊಳ್ಳುತ್ತಿದ್ದಾನಾ? ಮನೆಯಲ್ಲಿ ನೋಡೋದು ಹೇಗೆ?

ತಿಪಟೂರಿನ ಅಮ್ಮ:
ಮಗನಿಗೆ 6 ವರ್ಷ, ಉಬ್ಬಸ ಇದೆ. ಬೆಳಿಗ್ಗೆ, ರಾತ್ರಿ ಉಬ್ಬಸ ತಡೆಯೋ ಬುಡೆಸೊನೈಡ್ ಪಂಪ್ ಕೊಡುತ್ತೇವೆ, ಸ್ಪೇಸರ್ (ಪಂಪ್‌ಗೂ ಬಾಯಿಗೂ ನಡುವೆ ಹಾಕೋ ಪ್ಲಾಸ್ಟಿಕ್ ಕೊಳವೆ) ಹಾಕಿ. ಈಚೆಗೆ ಮಾಸ್ಕ್ ಬಿಟ್ಟು ಸ್ಪೇಸರನ್ನು ನೇರ ಬಾಯಿಗೇ ಇಟ್ಟುಕೊಳ್ಳುತ್ತಾನೆ. ಆದರೂ ರಾತ್ರಿ ಕೆಮ್ಮು ನಿಂತಿಲ್ಲ. ಡೋಸ್ ಜಾಸ್ತಿ ಮಾಡೋ ಮೊದಲು ಅವನು ಸರಿಯಾಗಿ ತಗೊಳ್ತಿದ್ದಾನಾ ನೋಡಿ ಅಂದರು ಡಾಕ್ಟರು. ಏನಂತ ನೋಡಲಿ? ನಮ್ಮತ್ತೆ ಬೇರೆ, ಪಂಪ್ ಚಟ ಆಗುತ್ತೆ ಅಂತ ದಿನಾ ಗೊಣಗುತ್ತಾರೆ.

ಮಕ್ಕಳ ಒಪಿಡಿ ನರ್ಸ್:
ಮೇಡಂ, ದಿನವಿಡೀ ಇದೇ ನನ್ನ ಕೆಲಸ. "ಸರಿಯಾಗಿ ತಗೊಳ್ತೀಯಾ?" ಅಂತ ನಾನು ಮಕ್ಕಳನ್ನು ಕೇಳೋದೇ ಇಲ್ಲ. ಎಲ್ಲರೂ ಹೂಂ ಅನ್ನುತ್ತಾರೆ. ಪಂಪು, ಸ್ಪೇಸರ್ ಕೈಗೆ ಕೊಟ್ಟು "ಮನೇಲಿ ಹೇಗೆ ತಗೊಳ್ತೀಯೋ ತೋರಿಸು ಪುಟ್ಟ" ಅಂದು ಸುಮ್ನೆ ಕೂರುತ್ತೇನೆ. ಅಮ್ಮಂದಿರನ್ನೂ ಸುಮ್ಮನಿರಿಸೋದು ಕಷ್ಟ. "ತುಟಿ ಮುಚ್ಚೋ, ಅಲ್ಲಾಡಿಸೋ" ಅಂತ ಹೇಳಿಕೊಟ್ಟರೆ ಅವನಿಗೆಷ್ಟು ಬರುತ್ತೆ ಅಂತ ಗೊತ್ತಾಗೋದು ಹೇಗೆ?

ಪಕ್ಕದಲ್ಲಿ ಕೂತು ನೋಡಿ. ಪಂಪ್ ಅಲ್ಲಾಡಿಸಿದನಾ, ತುಟಿ ಸುತ್ತಲೂ ಮುಚ್ಚಿದೆಯಾ ಅನ್ನೋದು ಯಾರಿಗಾದರೂ ಕಾಣುತ್ತದೆ. ನನ್ನ ಕಣ್ಣು ಇರೋದು ವಾಲ್ವ್ ಮೇಲೆ. ಬಾಯಿಗಿಡುವ ಕಡೆ ಒಂದು ತೆಳು ರಬ್ಬರ್ ಬಿಲ್ಲೆ ಇರುತ್ತದೆ ನೋಡಿ. ಉಸಿರೆಳೆದಾಗ ತೆರೆಯಬೇಕು, ಬಿಟ್ಟಾಗ ಮುಚ್ಚಬೇಕು. ಕೆಲವು ಸ್ಪೇಸರ್‌ಗಳಲ್ಲಿ ಟಕ್ ಟಕ್ ಅಂತ ಕೇಳಿಸುತ್ತದೆ. ಒಂದು ಪಫ್ ಒತ್ತಿದ ಕೂಡಲೇ 5-6 ಸಲ ನಿಧಾನಕ್ಕೆ ಹೀಗೆ ಆಡಬೇಕು. ಮಾಸ್ಕ್ ಬಿಟ್ಟ ಹೊಸದರಲ್ಲಿ ಎಷ್ಟೋ ಮಕ್ಕಳು ತುಟಿ ಬಿಗಿಯಾಗಿ ಮುಚ್ಚಿಕೊಂಡು ಮೂಗಲ್ಲಿ ಉಸಿರಾಡುತ್ತಿರುತ್ತಾರೆ! ಎದುರಿಗೆ ಕೂತವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ವಾಲ್ವ್ ಮಾತ್ರ ಅಲುಗಲ್ಲ. ಔಷಧಿಯೆಲ್ಲ ಸ್ಪೇಸರ್ ಗೋಡೆಗೆ.

ಆಮೇಲೆ, ಎರಡು ಪಫ್ ಒಟ್ಟಿಗೆ ಒತ್ತೋದು. ಸ್ಕೂಲ್ ವ್ಯಾನ್ ಹಾರ್ನ್ ಕೇಳಿಸಿದ ಮನೆಗಳಲ್ಲಿ ಇದು ಜಾಸ್ತಿ. ಒಂದು ಮುಗಿದು ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ ಇನ್ನೊಂದು.

ಚಟ ಗಿಟ ಏನೂ ಆಗಲ್ಲ ಅಂತ ಅತ್ತೆಯವರಿಗೆ ಹೇಳಿ. ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ, ಅಷ್ಟೇ.

ಶಿರಸಿ ಅಪ್ಪ:
ನಮ್ಮ ಮಗಳಿಗೆ 10. ಅವಳದ್ದು ಕ್ಯಾಪ್ಸೂಲ್ ಹಾಕೋ ರೋಟಾಹೇಲರ್. ಸ್ಪೇಸರ್‌ನಲ್ಲಿ ಮೆಲ್ಲಗೆ ಎಳೆದು ರೂಢಿ, ಇದರಲ್ಲೂ ಹಾಗೇ ಎಳೆಯುತ್ತಿದ್ದಳು. ಪುಡಿ ಔಷಧಿಗೆ ಅದು ಸಾಲದು, ಒಂದೇ ಉಸಿರಿಗೆ ಜೋರಾಗಿ ಎಳೆಯಬೇಕಂತೆ. ತಗೊಂಡ ಮೇಲೆ ನಾನು ಬಿಚ್ಚಿ ನೋಡುತ್ತೇನೆ. ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಸುತ್ತೇನೆ. ಅದರೊಳಕ್ಕೆ ಉಸಿರು ಬಿಡಬಾರದು, ತೇವಕ್ಕೆ ಗಂಟು ಕಟ್ಟುತ್ತದೆ.

ಮೆಡಿಕಲ್ ಶಾಪ್‌ನವನು:
ಪಂಪ್ ಖಾಲಿಯಾಗಿದೆಯಾ ಅದನ್ನೂ ನೋಡಿಕೊಳ್ಳಿ ಅಕ್ಕ. ಔಷಧಿ ಮುಗಿದ ಮೇಲೂ ಗ್ಯಾಸ್ ಪುಸ್ ಅಂತ ಬರುತ್ತಿರುತ್ತದೆ. ನೀರಲ್ಲಿ ತೇಲಿಸಿ ನೋಡೋದನ್ನು ನಂಬಬೇಡಿ. ಹಿಂದೆ ಎಷ್ಟು ಪಫ್ ಉಳಿದಿದೆ ಅಂತ ತೋರಿಸೋ ಕೌಂಟರ್ ಇದ್ದರೆ ಸರಿ, ಇಲ್ಲದಿದ್ದರೆ ಶುರು ಮಾಡಿದ ದಿನ ಡಬ್ಬಿ ಮೇಲೆ ಬರೆದಿಟ್ಟು ಲೆಕ್ಕ ಹಾಕಿ.

ತಿಪಟೂರಿನ ಅಮ್ಮ:
ನರ್ಸಮ್ಮಾ, ರಾತ್ರಿ ನೋಡಿದೆ. ಮೂಗೇ! ವಾಲ್ವ್ ಅಲುಗಲೇ ಇಲ್ಲ. ಮೂಗು ಹಿಡಿದರೆ ಕಿರುಚುತ್ತಾನೆ.

ಮಕ್ಕಳ ಒಪಿಡಿ ನರ್ಸ್:
ಹಿಡೀಬೇಡಿ. ಅಳುವಾಗ ಕೊಟ್ಟರೆ ಶ್ವಾಸಕೋಶಕ್ಕೆ ಹೋಗೋದು ತೀರಾ ಕಡಿಮೆ. ಎತ್ತಿಟ್ಟ ಮಾಸ್ಕ್ ಇನ್ನೂ ಅಳತೆಗೆ ಸರಿಯಿದ್ದರೆ ಸ್ವಲ್ಪ ದಿನ ಅದನ್ನೇ ಹಾಕಿ. ಮೂಗು, ಬಾಯಿ ಎರಡೂ ಮುಚ್ಚಿ ಮುಖಕ್ಕೆ ಕೂತಿರಬೇಕು. ಹಗಲು ಹೊತ್ತು ಪಂಪ್ ಇಲ್ಲದೆ ಬರೀ ಸ್ಪೇಸರ್ ಕೊಟ್ಟು ವಾಲ್ವ್ ಆಡಿಸೋ ಆಟ ಆಡಿ, ಬೇಗ ಕಲಿಯುತ್ತಾನೆ. ಕಲಿತ ಮೇಲೂ ಆಗಾಗ ನೋಡುತ್ತಿರಿ, ಕೆಲವೇ ವಾರಗಳಲ್ಲಿ ಮರೆಯುತ್ತಾರೆ. ಡೋಸ್ ನೀವಾಗೇ ಬದಲಿಸಬೇಡಿ. ವೀಡಿಯೊ ಮಾಡಿ ಡಾಕ್ಟರಿಗೆ ತೋರಿಸಿ, ಪಂಪು, ಸ್ಪೇಸರ್ ಕೂಡ ಜೊತೆಗೆ ಒಯ್ಯಿರಿ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮಾತಾಡೋಕೆ ಉಸಿರು ಸಾಲದಿದ್ದರೆ ಮಾತ್ರ ಈ ಪರೀಕ್ಷೆಯೆಲ್ಲ ಬೇಡ, ಡಾಕ್ಟರು ಹೇಳಿದ ರಿಲೀವರ್ (ಉಬ್ಬಸ ಬಂದಾಗ ಬೇಗ ಉಸಿರು ಸಲೀಸು ಮಾಡೋ ಪಂಪ್) ಕೊಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿ.

ತಿಪಟೂರಿನ ಅಮ್ಮ:
ಮಾಸ್ಕ್ ಸಿಕ್ಕಿತು, ಧೂಳು ಹಿಡಿದಿದೆ. ಡೆಟಾಲ್‌ನಲ್ಲಿ ತೊಳೆಯಲಾ?

ಮಕ್ಕಳ ಒಪಿಡಿ ನರ್ಸ್:
ಡೆಟಾಲ್ ಬೇಡ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಹನಿ ಉಗುರುಬೆಚ್ಚಗಿನ ನೀರಿಗೆ ಹಾಕಿ ಅದ್ದಿ. ಬಾಯಿಗೆ ತಾಗುವ ಜಾಗವನ್ನಂತೂ ಆಮೇಲೆ ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಸ್ಪೇಸರ್ ಒಳಗೆ ಬಟ್ಟೆಯಲ್ಲಿ ಒರೆಸಬೇಡಿ, ಹಾಗೇ ಒಣಗಲಿ. ಒರೆಸಿದರೆ ಪ್ಲಾಸ್ಟಿಕ್ ಔಷಧಿಯನ್ನು ಎಳೆದು ಅಂಟಿಸಿಕೊಳ್ಳುತ್ತದೆ.