ದುಬೈ ವೀಸಾ ರದ್ದಾದ ಮೇಲೆ ಮತ್ತೆ ಅಲ್ಲಿಗೆ ಕೆಲಸಕ್ಕೆ ಹೋಗುವುದು: ವಿಸಿಟ್ ವೀಸಾದ ದಾರಿ ಸರಿಯೇ?

ಸಕಲೇಶಪುರದ ಅಕ್ಕ

ನನ್ನ ತಮ್ಮ ದುಬೈನ ಕಾಂಟ್ರಾಕ್ಟಿಂಗ್ ಕಂಪನಿಯೊಂದರಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಎಲೆಕ್ಟ್ರಿಷಿಯನ್ ಆಗಿ ದುಡಿದವನು. ತಂದೆಯವರ ಚಿಕಿತ್ಸೆಗಾಗಿ ರಜೆ ಹಾಕಿ ಊರಿಗೆ ಬಂದ. ಚಿಕಿತ್ಸೆ ಬೇಗ ಮುಗಿಯಲಿಲ್ಲವಾದ್ದರಿಂದ ರಜೆ ಮುಂದುವರಿಸಿಕೊಡಿ ಎಂದು ವಾಟ್ಸ್ಆ್ಯಪ್‌ನಲ್ಲಿ ಮೇಲಿನವರನ್ನು ಕೇಳಿಕೊಂಡಿದ್ದ. ಅದಕ್ಕೆ ಬಂದ ಉತ್ತರ, ವೀಸಾ ರದ್ದು ಮಾಡಲಾಗಿದೆ ಎಂಬ ಒಂದು ಸಾಲು. ಎರಡು ತಿಂಗಳ ಸಂಬಳವೂ ಗ್ರಾಚ್ಯುಟಿಯೂ ಬರಬೇಕಿದೆ. ಅಲ್ಲಿನ ಬ್ಯಾಂಕಿಗೆ ಕ್ರೆಡಿಟ್ ಕಾರ್ಡ್ ಬಾಕಿ ಕಟ್ಟಬೇಕಿದೆ.

ಈಗ ಹಾಸನದ ಏಜೆಂಟರೊಬ್ಬರು ಒಂದೂಕಾಲು ಲಕ್ಷ ಕೊಟ್ಟರೆ ವಿಸಿಟ್ ವೀಸಾದಲ್ಲಿ ಕಳುಹಿಸಿ ಅಲ್ಲೇ ಬೇರೆ ಕಂಪನಿ ಹುಡುಕಿಕೊಡುತ್ತೇವೆ, ಹಳೆಯ ದಾಖಲೆ ಅಡ್ಡ ಬಂದರೆ ಪಾಸ್‌ಪೋರ್ಟ್ ಕಳೆದುಹೋಗಿದೆ ಎಂದು ಹೇಳಿ ಹೊಸದು ಮಾಡಿಸೋಣ ಎನ್ನುತ್ತಿದ್ದಾರೆ. ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಎಂದಿದೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ ಬೇಕು. ಅವನು ಹೊರಡಲು ಸಿದ್ಧನಾಗಿ ಕೂತಿದ್ದಾನೆ, ತಾಯಿಯವರು ಬೇಡವೆನ್ನುತ್ತಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಶಾರ್ಜಾದಲ್ಲಿರುವ ಬೇಲೂರಿನವ

ಅಕ್ಕ, ಇಲ್ಲಿನ ಕಂಪನಿಯೊಂದರಲ್ಲಿ ಕಾರ್ಮಿಕರ ವೀಸಾ ಕಾಗದಪತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಏಜೆಂಟರಿಗೆ ಒಂದು ರೂಪಾಯಿ ಕೊಡುವ ಮುನ್ನವೇ ನಿಮ್ಮ ತಮ್ಮ ತಿಳಿದುಕೊಳ್ಳಬೇಕಾದ ವಿಷಯವನ್ನು ಹೇಳುತ್ತೇನೆ. ಊರಿನಲ್ಲಿ ಎಲ್ಲವನ್ನೂ ‘ಕ್ಯಾನ್ಸಲ್ ಆಯ್ತು’ ಎಂದೇ ಹೇಳಿಬಿಡುತ್ತೇವೆ, ಆದರೆ ಇಲ್ಲಿನ ದಾಖಲೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಕಂಪನಿ ಸುಮ್ಮನೆ ವೀಸಾ ರದ್ದು ಮಾಡಿದ್ದರೆ ಅದರಿಂದ ಯಾವ ತಡೆಯೂ ಹುಟ್ಟುವುದಿಲ್ಲ; ಹೊಸ ಕಂಪನಿ ನಾಳೆಯೇ ಅರ್ಜಿ ಹಾಕಬಹುದು. ‘ಅಬ್‌ಸ್ಕಾಂಡಿಂಗ್’ ಎಂದು ದೂರು ಕೊಟ್ಟಿದ್ದರೆ, ಅಂದರೆ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ ಎಂದು ಬರೆಸಿದ್ದರೆ, ಒಂದು ವರ್ಷ ಕೆಲಸದ ಪರವಾನಗಿ ಸಿಗುವುದಿಲ್ಲ. ಮೂರನೆಯದು ಗಡೀಪಾರು, ನಿಮ್ಮ ತಮ್ಮನ ವಿಷಯದಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ.

2022ರ ಫೆಬ್ರುವರಿ 2ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನಿನ ಪ್ರಕಾರ, ಸತತ ಏಳು ದಿನಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಬಾರದೆ, ಎಲ್ಲಿದ್ದಾನೆ ಎಂಬುದೂ ಕಂಪನಿಗೆ ಗೊತ್ತಿಲ್ಲದಿದ್ದಾಗ ಮಾತ್ರ ಅಂಥ ದೂರು ನಿಲ್ಲುತ್ತದೆ. ತಮ್ಮ ಕಳುಹಿಸಿದ ವಾಟ್ಸ್ಆ್ಯಪ್ ಸಂದೇಶಗಳು, ಆಸ್ಪತ್ರೆಯ ಚೀಟಿಗಳು, ರಜೆ ಮಂಜೂರಾದ ಪತ್ರ, ಇವುಗಳನ್ನು ಮೊಬೈಲ್ ಬದಲಾಯಿಸುವಾಗಲೂ ಕಳೆದುಕೊಳ್ಳಬೇಡಿ. ಮೊದಲು ಇಲ್ಲಿನ ಕಾರ್ಮಿಕ ಸಚಿವಾಲಯದಲ್ಲಿ ಅವನ ಫೈಲ್ ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸಿ.

ಆಲೂರಿನ ಮೇಸ್ತ್ರಿ

ಫೈಲ್ ನೋಡಬೇಕೆಂಬುದು ಸರಿ. ಆದರೆ ವಿಸಿಟ್ ವೀಸಾ ಎಂದ ಕೂಡಲೇ ಬೇಡವೆನ್ನುವವರೊಂದಿಗೆ ನಾನು ಒಪ್ಪುವುದಿಲ್ಲ. ನಮ್ಮ ಆಲೂರು, ಸಕಲೇಶಪುರದ ಕಡೆಯಿಂದ ಹೋಗಿ ನೆಲೆ ಕಂಡ ಎಷ್ಟೋ ಹುಡುಗರು ಹೀಗೆಯೇ ಹೋದವರು. ಕೆಲಸ ಕೊಡುವವನು ಆಳನ್ನು ಕಣ್ಣಾರೆ ನೋಡಿ, ಟ್ರೇಡ್ ಟೆಸ್ಟ್ ಮಾಡಿ ತೆಗೆದುಕೊಳ್ಳಲು ಬಯಸುತ್ತಾನೆ. ಊರಿನಲ್ಲಿ ಕೂತು ಕಳುಹಿಸಿದ ಬಯೋಡೇಟಾವನ್ನು ತೆರೆದು ನೋಡುವವರು ಕಡಿಮೆ. ವಿಸಿಟ್ ವೀಸಾದಲ್ಲಿದ್ದು ಕೆಲಸ ಹುಡುಕಿ, ಅಲ್ಲೇ ಕೆಲಸದ ವೀಸಾಕ್ಕೆ ಬದಲಾಯಿಸಿಕೊಳ್ಳಲು ಆ ದೇಶದಲ್ಲಿ ಅವಕಾಶವಿದೆ, ಇದು ಕದ್ದು ಮಾಡುವ ಕೆಲಸವಲ್ಲ. ಆಸ್ಪತ್ರೆಗೆ ಮಾಡಿದ ಸಾಲದ ಬಡ್ಡಿ ಯಾರ ಫೈಲಿಗೂ ಕಾಯುವುದಿಲ್ಲ ಎಂಬುದನ್ನು ಬುದ್ಧಿ ಹೇಳುವವರು ನೆನಪಿನಲ್ಲಿಡಬೇಕು.

ಹಾಸನದ ವಕೀಲ

ಮೇಸ್ತ್ರಿಯವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಏಜೆಂಟರು ಹೇಳಿದ ಎರಡು ಮಾತುಗಳನ್ನು ಬೇರೆ ಮಾಡಿ ನೋಡಬೇಕು. ಕಳೆಯದ ಪಾಸ್‌ಪೋರ್ಟನ್ನು ಕಳೆದುಹೋಯಿತೆಂದು ಬರೆದುಕೊಡುವುದು 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಅಡಿ ಎರಡು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದಾದ ಅಪರಾಧ. ಅದರಿಂದ ಲಾಭವೂ ಇಲ್ಲ. ಯುಎಇ ವಿಮಾನ ನಿಲ್ದಾಣಗಳಲ್ಲಿ 2000ರ ದಶಕದ ಆರಂಭದಿಂದಲೇ ಕಣ್ಣಿನ ಪಾಪೆಯನ್ನು ಸ್ಕ್ಯಾನ್ ಮಾಡುವ ವ್ಯವಸ್ಥೆಯಿದೆ, ಮತ್ತು ಹೊಸ ಪಾಸ್‌ಪೋರ್ಟ್ ಹಿಡಿದು ಮರಳಿ ಬರುವವರನ್ನು ಗುರುತಿಸುವುದೇ ಅದರ ಮುಖ್ಯ ಉದ್ದೇಶವಾಗಿತ್ತು. ಈ ಸಲಹೆ ಕೊಟ್ಟ ಏಜೆಂಟರನ್ನು ಇಲ್ಲಿಗೇ ಬಿಟ್ಟುಬಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಸಿಆರ್ ಬಗ್ಗೆ ನಿಮಗೆ ಒಂದು ಒಳ್ಳೆಯ ಸುದ್ದಿ ಇದೆ. ಹತ್ತನೇ ತರಗತಿ ಪಾಸಾಗದವರೂ ಒಟ್ಟು ಮೂರು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿ ಇದ್ದರೆ, ಅದು ಒಂದೇ ಸಲವಾಗಿರಲಿ ಬಿಟ್ಟು ಬಿಟ್ಟು ಇರಲಿ, ಆ ನಿರ್ಬಂಧದಿಂದ ಹೊರಬರಲು ಅರ್ಹರು. ಹಳೆಯ ಪಾಸ್‌ಪೋರ್ಟ್‌ನಲ್ಲಿರುವ ಪ್ರವೇಶ ಮತ್ತು ನಿರ್ಗಮನದ ಮುದ್ರೆಗಳೇ ಅದಕ್ಕೆ ಪುರಾವೆ. ಏಜೆಂಟರು ಕಳೆದುಹೋಯಿತೆಂದು ಬರೆದುಕೊಡಿ ಎನ್ನುತ್ತಿರುವುದು ಇದೇ ಪಾಸ್‌ಪೋರ್ಟನ್ನು. ಹಾಸನದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಹಾಕಿಸಿ.

ಅದು ಆಗುವವರೆಗೆ, ಇಸಿಆರ್ ಪಾಸ್‌ಪೋರ್ಟ್ ಇರುವವರು ಯುಎಇ ಸೇರಿದಂತೆ ನಿಗದಿತ 18 ದೇಶಗಳಿಗೆ ಕೆಲಸಕ್ಕಾಗಿ ಹೋಗಲು 1983ರ ವಲಸೆ ಕಾಯ್ದೆಯಡಿ ಅನುಮತಿ ಪಡೆಯಲೇಬೇಕು. ವಿಸಿಟ್ ವೀಸಾದಲ್ಲಿ ಹೋದರೆ ಈ ಅನುಮತಿ ಇರುವುದಿಲ್ಲ. ಅದರೊಂದಿಗೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಸಿಗುವುದಿಲ್ಲ. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ, ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದಾಗ 10 ಲಕ್ಷ ರೂಪಾಯಿ ದೊರಕುವ ವಿಮೆ ಅದು. ವಿದ್ಯುತ್ ಕೆಲಸ ಮಾಡುವವನಿಗೆ ಇದು ಸಣ್ಣ ಮಾತಲ್ಲ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಒಂದೂಕಾಲು ಲಕ್ಷ ಕೇಳುವವರ ನೋಂದಣಿ ಸಂಖ್ಯೆ ಭಾರತ ಸರ್ಕಾರದ ವಲಸೆ ಜಾಲತಾಣವಾದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯೇ ಎಂದು ನೋಡಿ.

ಆಲೂರಿನ ಮೇಸ್ತ್ರಿ

ಪಾಸ್‌ಪೋರ್ಟ್ ವಿಷಯದಲ್ಲಿ ವಕೀಲರು ಹೇಳಿದ್ದೇ ಸರಿ, ನಾನು ಎಂದೂ ಅದನ್ನು ಸಮರ್ಥಿಸಿದವನಲ್ಲ. ಆದರೆ ಮೂವತ್ತು ಸಾವಿರಕ್ಕೆ ಕೆಲಸ ಮಾಡಿಕೊಡುವ ನೋಂದಾಯಿತ ಏಜೆಂಟರನ್ನು ಹಾಸನದಲ್ಲಿ ಎಷ್ಟು ಜನ ಕಂಡಿದ್ದೀರಿ? ರಸೀದಿ ಮೂವತ್ತಕ್ಕೆ ಕೊಟ್ಟು ಉಳಿದದ್ದನ್ನು ಕೈಯಲ್ಲಿ ಪಡೆಯುವವರೂ ಇದ್ದಾರೆ. ಇಸಿಆರ್ ತೆಗೆಸಿದ ಮೇಲೆ, ಫೈಲ್ ಸ್ವಚ್ಛವಾಗಿದ್ದರೆ, ಪರಿಚಿತರ ಮನೆಯಲ್ಲಿ ಉಳಿದುಕೊಳ್ಳುವ ಅನುಕೂಲವಿದ್ದರೆ, ಏಜೆಂಟರಿಲ್ಲದೆ ತಾನೇ ವಿಸಿಟ್ ವೀಸಾ ತೆಗೆದುಕೊಂಡು ಹೋಗಿ ಹುಡುಕಲಿ ಎಂಬುದು ನನ್ನ ವಾದ.

ಶಾರ್ಜಾದಲ್ಲಿರುವ ಬೇಲೂರಿನವ

ಅಷ್ಟು ಷರತ್ತುಗಳೊಂದಿಗೆ ನಾನೂ ಒಪ್ಪುತ್ತೇನೆ, ಮೇಸ್ತ್ರಿಯವರೇ. ಇನ್ನೊಂದನ್ನು ಸೇರಿಸಿ: ಪರವಾನಗಿ ಕೈಗೆ ಬರುವ ಮುನ್ನ ಒಂದು ದಿನವೂ ಸೈಟಿಗೆ ಇಳಿಯಬಾರದು. ಪರವಾನಗಿ ಇಲ್ಲದವರನ್ನು ದುಡಿಸಿಕೊಳ್ಳುವ ಕಂಪನಿಗೆ 2024ರ ತಿದ್ದುಪಡಿಯ ನಂತರ 1 ಲಕ್ಷದಿಂದ 10 ಲಕ್ಷ ದಿರ್ಹಮ್ ದಂಡವಿದೆ. ಹಾಗಿದ್ದೂ ‘ಮೊದಲು ಕೆಲಸಕ್ಕೆ ಬಾ, ವೀಸಾ ಆಮೇಲೆ’ ಎನ್ನುವ ಕಂಪನಿ ಒಳ್ಳೆಯದಲ್ಲ. ವೀಸಾ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವಂತೆಯೂ ಇಲ್ಲಿ ಇಲ್ಲ.

ಚಿಕ್ಕಮಗಳೂರಿನ ನರ್ಸ್

ಬಾಕಿ ಹಣದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಅಬುಧಾಬಿಯ ಕ್ಲಿನಿಕ್ ಒಂದನ್ನು ಬಿಡುವಾಗ ವೀಸಾ ರದ್ದತಿಯ ಅರ್ಜಿಯನ್ನು ಮುಂದಿಟ್ಟರು. ಅರಬ್ಬಿ ಮತ್ತು ಇಂಗ್ಲಿಷಿನಲ್ಲಿದ್ದ ಆ ಹಾಳೆಯ ಕೆಳಭಾಗದಲ್ಲಿ, ಸಹಿ ಹಾಕುವ ಜಾಗಕ್ಕೆ ಸರಿಯಾಗಿ ಮೇಲೆ, ನನಗೆ ಸಲ್ಲಬೇಕಾದುದೆಲ್ಲ ಸಂದಿದೆ ಎಂಬ ವಾಕ್ಯವಿತ್ತು. ಹಣ ಖಾತೆಗೆ ಬೀಳುವವರೆಗೆ ನಾನು ಸಹಿ ಹಾಕಲಿಲ್ಲ. ಸಕಲೇಶಪುರದ ಅಕ್ಕ, ತಮ್ಮನಿಗೆ ಅಂಥ ಹಾಳೆಯನ್ನು ಮೊಬೈಲಿಗೆ ಕಳುಹಿಸಿ ಸಹಿ ಕೇಳಿದ್ದಾರೆಯೇ ಎಂದು ವಿಚಾರಿಸಿ.

ಇನ್ನೊಂದು ಮಾತು. ಇಲ್ಲಿ ಹೇಳುತ್ತಿರುವುದೆಲ್ಲ ಯುಎಇ ಕಾನೂನು. ಸೌದಿಗೋ ಕುವೈತ್‌ಗೋ ಹೋಗುವವರು ಇದನ್ನೇ ನಂಬಿ ಹೊರಡಬಾರದು.

ಸಕಲೇಶಪುರದ ಅಕ್ಕ

ಕೇಳಿದೆ ಮೇಡಂ. ಪಿಡಿಎಫ್ ಬಂದಿದೆಯಂತೆ, ಅವನು ಇನ್ನೂ ಸಹಿ ಹಾಕಿಲ್ಲ. ಗ್ರಾಚ್ಯುಟಿ ಎಷ್ಟು ಬರಬಹುದು? ಮೂಲ ವೇತನ 1,200 ದಿರ್ಹಮ್. ಕಾರ್ಡ್ ಬಾಕಿ ಕಟ್ಟದೆ ಹೋದರೆ ಏನಾಗುತ್ತದೆ?

ಶಾರ್ಜಾದಲ್ಲಿರುವ ಬೇಲೂರಿನವ

ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ. 1,200ಕ್ಕೆ ದಿನಕ್ಕೆ 40 ದಿರ್ಹಮ್, ವರ್ಷಕ್ಕೆ 840, ನಾಲ್ಕು ವರ್ಷಕ್ಕೆ 3,360. ಮೇಲಿನ ತಿಂಗಳುಗಳಿಗೂ ಅದೇ ಲೆಕ್ಕದಲ್ಲಿ ಸೇರುತ್ತದೆ, ಎರಡು ತಿಂಗಳ ಸಂಬಳ ಬೇರೆ. ಒಪ್ಪಂದ ಮುಗಿದ 14 ದಿನದೊಳಗೆ ಕೊಡಬೇಕು. ಕೊಡದಿದ್ದರೆ ಸಚಿವಾಲಯಕ್ಕೆ ದೂರು ಕೊಡಲು ಎರಡು ವರ್ಷದ ಅವಧಿಯಿದೆ, ಮತ್ತು 50,000 ದಿರ್ಹಮ್ ಮೀರದ ವ್ಯಾಜ್ಯವನ್ನು ಸಚಿವಾಲಯವೇ ತೀರ್ಮಾನಿಸಬಹುದು. ಭಾರತ ಸರ್ಕಾರದ ಮದದ್ ಪೋರ್ಟಲ್‌ನಲ್ಲಿಯೂ ದಾಖಲಿಸಿ, ಆಗ ವಿಷಯ ದುಬೈನ ನಮ್ಮ ಕಾನ್ಸುಲೇಟ್‌ಗೆ ಮುಟ್ಟುತ್ತದೆ.

ಹಾಸನದ ವಕೀಲ

ಕಾರ್ಡ್ ಬಾಕಿಯನ್ನು ಹಗುರವಾಗಿ ಕಾಣಬೇಡಿ. ಯುಎಇ ಸಿವಿಲ್ ನ್ಯಾಯಾಲಯಗಳ ಹಣದ ಡಿಕ್ರಿಯನ್ನು, ಅಂದರೆ ಇಷ್ಟು ಹಣ ಕಟ್ಟಬೇಕೆಂಬ ತೀರ್ಪನ್ನು, ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿಯೇ ಜಾರಿ ಮಾಡಿಸಲು ಸಾಧ್ಯವಾಗುವಂತೆ ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿದೆ. ಊರಿನಲ್ಲಿದ್ದರೆ ಬ್ಯಾಂಕು ಏನೂ ಮಾಡಲಾರದು ಎಂಬ ಕಾಲ ಹೋಯಿತು. ಅಲ್ಲಿಗೆ ಹೋದ ಮೇಲೆ ಪ್ರಕರಣವಿದ್ದರೆ ಪ್ರಯಾಣ ನಿರ್ಬಂಧ ಬಿದ್ದು, ತಂದೆಯವರನ್ನು ನೋಡಲು ಬರಲೂ ಆಗದೆ ಸಿಕ್ಕಿಕೊಳ್ಳಬಹುದು. ಬ್ಯಾಂಕಿಗೆ ಈಗಲೇ ಇಮೇಲ್ ಬರೆದು ಕಂತು ಅಥವಾ ಒಮ್ಮೆಗೆ ತೀರಿಸುವ ಮೊತ್ತ ಕೇಳಿ. ಒಪ್ಪಿದರೆ ಬಾಕಿಯಿಲ್ಲವೆಂಬ ಪತ್ರ ಪಡೆದ ನಂತರವೇ ಟಿಕೆಟ್ ಮಾಡಿಸಿ.

ಆಲೂರಿನ ಮೇಸ್ತ್ರಿ

ಬಾಕಿಯೆಲ್ಲ ತೀರಿದ ಮೇಲೆ ಹೋಗು ಎಂದರೆ, ತೀರಿಸುವ ದುಡಿಮೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಉಳಿದೇ ಇದೆ. ಕಂತು ಗೊತ್ತಾದರೆ ಸಾಕು, ಹೊರಡಬಹುದು ಎಂದೇ ನಾನು ಹೇಳುತ್ತೇನೆ. ನನ್ನ ಭಾವಮೈದುನ ಇರುವ ಕಂಪನಿಗೆ ಎಲೆಕ್ಟ್ರಿಷಿಯನ್‌ಗಳು ಬೇಕಾಗಿದ್ದಾರೆ. ಅಕ್ಕ, ತಮ್ಮನ ಫೈಲ್ ಸ್ಥಿತಿ ತಿಳಿದ ದಿನ ಇಲ್ಲಿಯೇ ಬರೆಯಿರಿ. ಕಂಪನಿಯವರೇ ಕೆಲಸದ ವೀಸಾ ಕಳುಹಿಸುತ್ತಾರೆಯೇ ಎಂದು ಮೊದಲು ಕೇಳಿಸುತ್ತೇನೆ.